ಚಾಟ್ಸ್‌ವರ್ತ್‌ನ ಕುದುರೆ ಲಾಯ: ಮಹಲಿಗಿಂತ ಎತ್ತರದ ನೆಲದಲ್ಲಿ ಲಾಯವನ್ನು ಕಟ್ಟಿದ್ದೇಕೆ?

ಡರ್ವೆಂಟ್ ದಂಡೆ (ಚರ್ಚೆಯ ಆರಂಭ)

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಚಾಟ್ಸ್‌ವರ್ತ್ ಎಸ್ಟೇಟಿಗೆ ಹೋಗಿ ಬಂದವರು ಸಾಮಾನ್ಯವಾಗಿ ಡೆವನ್‌ಶೈರ್ ಡ್ಯೂಕರ ಮಹಲಿನ ಬಗ್ಗೆ, ಅಲ್ಲಿನ ಚಿತ್ರಸಂಗ್ರಹದ ಬಗ್ಗೆ, ತೋಟದಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುವ ನೀರಿನ ಬಗ್ಗೆ ಹೇಳುತ್ತಾರೆ. ಕುದುರೆ ಲಾಯದ ಪ್ರಸ್ತಾಪ ಬಂದರೆ ಮಾತು ಅಲ್ಲಿನ ಊಟ ಹೇಗಿತ್ತು ಎಂಬಲ್ಲಿಗೆ ಮುಗಿದುಹೋಗುತ್ತದೆ, ಏಕೆಂದರೆ ಈಗ ಅಲ್ಲಿರುವುದು ಉಪಾಹಾರ ಗೃಹ ಮತ್ತು ಅಂಗಡಿಗಳು. ಕಟ್ಟಡವನ್ನು ಕಟ್ಟಡವಾಗಿ ನೋಡುವವರು ಕಡಿಮೆ ಎಂಬ ಕಾರಣಕ್ಕೆ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ತಿಳಿದಿರುವ ಸಂಗತಿಗಳು ಇವು. ನಾಲ್ಕನೆಯ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್‌ಗಾಗಿ ವಾಸ್ತುಶಿಲ್ಪಿ ಜೇಮ್ಸ್ ಪೇನ್ ಇದನ್ನು ರೂಪಿಸಿದರು, ಮತ್ತು 1758ರಿಂದ 1767ರವರೆಗೆ ಕೆಲಸ ನಡೆಯಿತು. ಹೆಚ್ಚುಕಡಿಮೆ 190 ಅಡಿ ಬದಿಯ ಚೌಕ, ಎರಡು ಅಂತಸ್ತು, ನಡುವೆ ತೆರೆದ ಅಂಗಳ, ಮೂಲೆಗಳಲ್ಲಿ ತಗ್ಗಾದ ಗೋಪುರಗಳು. ಹೆಬ್ಬಾಗಿಲಿನಲ್ಲಿ ನಾಲ್ಕು ಡೋರಿಕ್ (ಪ್ರಾಚೀನ ಗ್ರೀಕ್ ಮಾದರಿಯ, ಸರಳವಾದ) ಕಂಬಗಳಿದ್ದು, ಅವುಗಳ ಮೈಯನ್ನು ಒರಟುಗಲ್ಲಿನ ಪಟ್ಟಿಗಳು ಸುತ್ತುವರಿದಿವೆ. ಅವುಗಳ ಮೇಲಿನ ತ್ರಿಕೋನ ಫಲಕದಲ್ಲಿ ಮನೆತನದ ಲಾಂಛನವನ್ನು ಭಾರಿ ಗಾತ್ರದಲ್ಲಿ ಕೆತ್ತಲಾಗಿದೆ. ಲಾಂಛನದ ಎರಡು ಸಾರಂಗಗಳು ಜೀವಗಾತ್ರದವು, ಅವಕ್ಕೆ ಸಿಕ್ಕಿಸಿರುವ ಕೊಂಬುಗಳು ನಿಜವಾದವು. ಎಲ್ಲಕ್ಕೂ ಮೇಲೆ ಗಡಿಯಾರದ ಗೋಪುರ, ಅದರ ನೆತ್ತಿಯಲ್ಲಿ ಸಣ್ಣ ಗುಮ್ಮಟ.

ನನ್ನ ಪ್ರಶ್ನೆ ಎರಡು. ಎಂಬತ್ತು ಕುದುರೆಗಳನ್ನು ಕಟ್ಟುವ ಜಾಗಕ್ಕೆ ಇಷ್ಟು ಗಾಂಭೀರ್ಯದ ಮುಖ ಏಕೆ ಬೇಕಿತ್ತು? ಮತ್ತು ಅದನ್ನು ಮಹಲಿನ ಹಿಂದೆ ಎಲ್ಲಾದರೂ ಮರೆಯಲ್ಲಿಡದೆ, ಈಶಾನ್ಯದ ಏರುನೆಲದ ಮೇಲೆ, ಎಸ್ಟೇಟಿಗೆ ಬರುವ ಪ್ರತಿಯೊಬ್ಬರಿಗೂ ಕಾಣುವಂತೆ ನಿಲ್ಲಿಸಿದ್ದೇಕೆ?

ಹಳೆಯ ನಕ್ಷೆ

ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದಕ್ಕೆ ಅರ್ಧ ಉತ್ತರ ಸಿಕ್ಕಂತೆ ಎಂದು ನನಗೆ ತೋರುತ್ತದೆ, ಆದ್ದರಿಂದ ನಾನು ಜಾಗದಿಂದಲೇ ಆರಂಭಿಸುತ್ತೇನೆ.

ಈಗ ಕಾಣುವ ಮಹಲಿನ ಮುಖ್ಯ ಭಾಗವನ್ನು ಮೊದಲನೆಯ ಡ್ಯೂಕ್ 1687ರಿಂದ 1707ರ ನಡುವೆ ಹಂತಹಂತವಾಗಿ ಕಟ್ಟಿಸಿದರು. ಆ ಕಾಲದಲ್ಲಿ ಮಹಲಿನ ಸುತ್ತ ರೇಖೆ ಎಳೆದಂತಹ ತೋಟಗಳಿದ್ದವು, ಹಳೆಯ ಲಾಯವೂ ಕಚೇರಿ ಕಟ್ಟಡಗಳೂ ಮಹಲಿನ ಹತ್ತಿರದಲ್ಲೇ ಇದ್ದವು. ನಾಲ್ಕನೆಯ ಡ್ಯೂಕ್ 1755ರಲ್ಲಿ ಅಧಿಕಾರಕ್ಕೆ ಬಂದಾಗ ಆ ಬಗೆಯ ತೋಟಗಳ ಕಾಲ ಮುಗಿದಿತ್ತು. ಅವರು ಮಹಲಿಗೆ ಪಶ್ಚಿಮದಿಂದ, ಡರ್ವೆಂಟ್ ನದಿಯನ್ನು ದಾಟಿ ಬರುವ ಹೊಸ ದಾರಿಯನ್ನು ಗೊತ್ತುಮಾಡಿದರು. ನೋಟಕ್ಕೆ ಅಡ್ಡವಾಗಿದ್ದ ಹಳೆಯ ಲಾಯ ಮತ್ತು ಕಚೇರಿಗಳನ್ನು ಕೆಡವಿಸಿದರು, ಎಡೆನ್ಸರ್ ಹಳ್ಳಿಯಲ್ಲಿ ಮಹಲಿನಿಂದ ಕಾಣುತ್ತಿದ್ದ ಮನೆಗಳನ್ನೂ ಬಿಡಲಿಲ್ಲ. ಭೂದೃಶ್ಯದ ಕೆಲಸಕ್ಕೆ ಲ್ಯಾನ್ಸೆಲಾಟ್ ಬ್ರೌನ್ ಬಂದರು. ನದಿಗೆ ಮೂರು ಕಮಾನುಗಳ ಸೇತುವೆಯನ್ನು ಕಟ್ಟಿದವರು ಇದೇ ಜೇಮ್ಸ್ ಪೇನ್.

ಹೀಗಾಗಿ ಲಾಯ, ಸೇತುವೆ, ಹೊಸ ದಾರಿ, ಬಯಲಾಗಿ ಹರಡಿದ ಹುಲ್ಲುಗಾವಲು ಇವೆಲ್ಲವೂ ಒಂದೇ ದಶಕದ, ಒಂದೇ ಯೋಜನೆಯ ಭಾಗಗಳು. ನದಿ ದಾಟಿ ಬರುವವರ ಕಣ್ಣಿಗೆ ಮೊದಲು ಮಹಲು, ಅದರ ಎಡಕ್ಕೆ ಸ್ವಲ್ಪ ಹಿಂದೆ ಮತ್ತು ಮೇಲೆ ಲಾಯ, ಅದಕ್ಕೂ ಮೇಲೆ ಕಾಡಿನ ಅಂಚಿನಲ್ಲಿ 16ನೆಯ ಶತಮಾನದ ಬೇಟೆ ಗೋಪುರ ಕಾಣುತ್ತವೆ. ಕೆಡವಿದ ಲಾಯಕ್ಕೆ ಬದಲಿ ಕಟ್ಟಲೇಬೇಕಿತ್ತು. ಮಹಲಿನ ಮುಂದಿನ ಬಯಲನ್ನು ಖಾಲಿ ಮಾಡಲೆಂದೇ ಕೆಡವಿದ್ದರಿಂದ ಅಲ್ಲೇ ಮತ್ತೆ ಕಟ್ಟುವಂತಿರಲಿಲ್ಲ. ದಕ್ಷಿಣಕ್ಕೂ ಪೂರ್ವಕ್ಕೂ ತೋಟ. ಉಳಿದದ್ದು ಈಶಾನ್ಯದ ಏರು. ಅಷ್ಟು ದೊಡ್ಡ ಚೌಕವನ್ನು ಆ ಏರಿನ ಮೇಲೆ ಮುಚ್ಚಿಡುವುದು ಯಾರಿಂದಲೂ ಆಗದ ಕೆಲಸ. ಮುಚ್ಚಲಾಗದ್ದನ್ನು ನೋಡುವಂತೆ ಮಾಡುವುದೇ ಜಾಣತನವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಕಮಾನು

ಹಳೆಯ ನಕ್ಷೆಯವರ ವಿವರಣೆ ಜಾಗದ ಮಟ್ಟಿಗೆ ಸರಿಯಾಗಿದೆ. ಆದರೆ ಬೇರೆ ಜಾಗ ಇರಲಿಲ್ಲವಾದ್ದರಿಂದ ವೈಭವ ಬಂತು ಎಂಬ ತರ್ಕವನ್ನು ನಾನು ಒಪ್ಪುವುದಿಲ್ಲ. ಆ ಡ್ಯೂಕ್ ಯಾರು, ಯಾರ ಮನೆಯ ಅಳಿಯ, ಯಾವ ಹುದ್ದೆಯಲ್ಲಿದ್ದವರು ಎಂಬುದನ್ನು ನೋಡಿದರೆ, ಮರೆಮಾಡಲು ಜಾಗ ಇದ್ದಿದ್ದರೂ ಅವರು ಮರೆಮಾಡುತ್ತಿರಲಿಲ್ಲ ಎನ್ನಿಸುತ್ತದೆ.

ನಾಲ್ಕನೆಯ ಡ್ಯೂಕ್ 1756–57ರಲ್ಲಿ ಕೆಲವು ತಿಂಗಳು ಬ್ರಿಟನ್ನಿನ ಪ್ರಧಾನಿಯಾಗಿದ್ದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಚರ್ಚೆಗೆ ಅದಕ್ಕಿಂತ ಮುಖ್ಯವಾದದ್ದು, ಅದಕ್ಕೆ ಮೊದಲು, 1751ರಿಂದ 1755ರವರೆಗೆ, ಅವರು ರಾಜನ ಅಶ್ವಶಾಲೆಗಳ ಮುಖ್ಯಾಧಿಕಾರಿಯಾಗಿದ್ದರು ಎಂಬುದು. ಆಗ ಲಂಡನ್ನಿನ ಚೇರಿಂಗ್ ಕ್ರಾಸ್‌ನಲ್ಲಿದ್ದ ರಾಜರ ಲಾಯವನ್ನು ವಿಲಿಯಂ ಕೆಂಟ್ 1732ರಲ್ಲಿ ಹೊಸದಾಗಿ ಕಟ್ಟಿದ್ದರು. ಇಂದು ನ್ಯಾಷನಲ್ ಗ್ಯಾಲರಿ ನಿಂತಿರುವುದು ಆ ಜಾಗದಲ್ಲಿ. ಕೆಂಟ್ ಯಾರ ಆಶ್ರಯದಲ್ಲಿ ಬೆಳೆದವರು? ಮೂರನೆಯ ಬರ್ಲಿಂಗ್ಟನ್ ಅರ್ಲ್ ರಿಚರ್ಡ್ ಬಾಯ್ಲ್ ಅವರ ಆಶ್ರಯದಲ್ಲಿ. 16ನೆಯ ಶತಮಾನದ ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೊ ಅವರ ಮಾದರಿಯನ್ನು ಇಂಗ್ಲೆಂಡಿನಲ್ಲಿ ನೆಲೆಗೊಳಿಸಿದ ಶ್ರೀಮಂತ ಇವರೇ, ಸ್ವತಃ ವಾಸ್ತುಶಿಲ್ಪಿ ಕೂಡ. ಇವರ ಮಗಳು ಷಾರ್ಲೆಟ್ ಅವರನ್ನು ಮದುವೆಯಾದವರು ನಮ್ಮ ನಾಲ್ಕನೆಯ ಡ್ಯೂಕ್. ಬರ್ಲಿಂಗ್ಟನ್ 1753ರಲ್ಲಿ, ಷಾರ್ಲೆಟ್ 1754ರಲ್ಲಿ ತೀರಿಕೊಂಡ ಮೇಲೆ ಬರ್ಲಿಂಗ್ಟನ್ ಮನೆತನದ ಆಸ್ತಿ ಕ್ಯಾವೆಂಡಿಶ್ ಮನೆತನದ ಪಾಲಿಗೆ ಬಂತು.

ಆದ್ದರಿಂದ 1758ರಲ್ಲಿ ಲಾಯ ಕಟ್ಟಿಸಲು ಹೊರಟ ಮನುಷ್ಯನಿಗೆ ರಾಜನ ಲಾಯವನ್ನು ನಡೆಸಿದ ಅನುಭವವಿತ್ತು, ಮಾವನ ಮನೆಯಿಂದ ವಾಸ್ತುವಿನ ಅಭಿರುಚಿ ಬಂದಿತ್ತು, ಅದಕ್ಕೆ ತಕ್ಕ ಹಣವೂ ಇತ್ತು. ಕೆಂಟ್ ಅವರ ಲಾಯವನ್ನು ನೋಡಿಯೇ ಪೇನ್ ಇದನ್ನು ಬರೆದರು ಎಂದು ನಾನು ಹೇಳುತ್ತಿಲ್ಲ. ಆದರೆ ಲಾಯವೆಂಬುದು ರಾಜಧಾನಿಯ ನಟ್ಟನಡುವೆ ತಲೆಯೆತ್ತಿ ನಿಲ್ಲಬಹುದಾದ ಕಟ್ಟಡ ಎಂಬುದನ್ನು ಈ ಡ್ಯೂಕರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನು ಕಂಬಗಳ ವಿಷಯ. ಪಲ್ಲಾಡಿಯನ್ ಪದ್ಧತಿಯಲ್ಲಿ ಕಟ್ಟಡದ ಸ್ಥಾನಮಾನಕ್ಕೆ ತಕ್ಕ ಕಂಬದ ಜಾತಿಯನ್ನು ಆರಿಸಬೇಕು. ಲಾಯ, ಕೋಟೆಯ ಬಾಗಿಲು, ಉಗ್ರಾಣ ಇಂತಹವಕ್ಕೆ ತೀರ ಸರಳವಾದ ಟಸ್ಕನ್ ಅಥವಾ ಡೋರಿಕ್ ಸಲ್ಲುತ್ತವೆ, ಹೂಬಳ್ಳಿಯ ಕೊರಿಂಥಿಯನ್ ಸಲ್ಲುವುದಿಲ್ಲ. ನಾರ್ಥಾಂಪ್ಟನ್‌ಶೈರ್‌ನ ಆಲ್ತಾರ್ಪ್ ಎಸ್ಟೇಟಿನಲ್ಲಿ ರೋಜರ್ ಮಾರಿಸ್ 1730ರ ದಶಕದಲ್ಲಿ ಕಟ್ಟಿದ ಲಾಯದಲ್ಲಿ ಇದು ಇನ್ನೂ ಸ್ಪಷ್ಟ: ದಪ್ಪ ಟಸ್ಕನ್ ಕಂಬಗಳ ಮುಖಮಂಟಪ, ಅದರ ಮೇಲೆ ಅಗಲವಾಗಿ ಚಾಚಿದ ಸೂರು, ಸ್ಥಳೀಯ ಕಬ್ಬಿಣಗಲ್ಲಿನ ಕಂದು ಬಣ್ಣ. ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಇನಿಗೊ ಜೋನ್ಸ್ ಕಟ್ಟಿದ ಸೇಂಟ್ ಪಾಲ್ ಚರ್ಚಿನ ಮುಖವನ್ನು ಅಲ್ಲಿ ಲಾಯಕ್ಕೆ ಇಟ್ಟಿದ್ದಾರೆ. ಪೇನ್ ಆರಿಸಿಕೊಂಡದ್ದು ಡೋರಿಕ್, ಅಂದರೆ ಟಸ್ಕನ್‌ಗಿಂತ ಒಂದು ಮೆಟ್ಟಿಲು ಮೇಲೆ. ಆದರೆ ಆ ಕಂಬಗಳಿಗೆ ಒರಟುಗಲ್ಲಿನ ಪಟ್ಟಿ ತೊಡಿಸಿ ಮತ್ತೆ ಒಂದು ಮೆಟ್ಟಿಲು ಕೆಳಗಿಳಿಸಿದ್ದಾರೆ. ನನಗೆ ಈ ಕಟ್ಟಡದಲ್ಲಿ ಬಹಳ ಹಿಡಿಸುವುದು ಈ ಲೆಕ್ಕಾಚಾರ.

ಗಾರೆ ಮೇಸ್ತ್ರಿ

ಪಟ್ಟಿ ತೊಟ್ಟ ಕಂಬಗಳ ಬಗ್ಗೆ ಕೆಲಸದ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ಕಂಬವನ್ನು ಸುತ್ತು ಸುತ್ತಾಗಿ ಕಡೆಯುವಾಗ ಒಂದು ಸುತ್ತಿನ ಕಲ್ಲನ್ನು ನಯವಾಗಿ ದುಂಡಗೆ ಮಾಡಿ, ಮುಂದಿನದನ್ನು ದಪ್ಪವಾಗಿ ಹೊರಚಾಚುವಂತೆ ಬಿಟ್ಟರೆ ಈ ಪಟ್ಟಿಯ ನೋಟ ಬರುತ್ತದೆ. ಅರ್ಧ ಕೆಲಸ ಬಿಟ್ಟಂತೆ ಕಾಣುವುದರಿಂದ ಇದು ಅಗ್ಗ ಎಂದು ತಿಳಿಯಬಾರದು. ದೊಡ್ಡ ಕಲ್ಲು ಬೇಕು, ಪಟ್ಟಿಗಳ ಅಂಚು ಒಂದೇ ಮಟ್ಟದಲ್ಲಿ ಬರಬೇಕು, ಮೇಲ್ಮೈಯ ಒರಟನ್ನೂ ಉಳಿಯಿಂದಲೇ ಬರಿಸಬೇಕು. ಡರ್ಬಿಶೈರ್‌ನ ಮರಳುಗಲ್ಲು ಇದಕ್ಕೆ ಹೇಳಿ ಮಾಡಿಸಿದ್ದು: ಕಣ ದಪ್ಪ, ಮೈ ಗಟ್ಟಿ, ಮಳೆಗೆ ಬೇಗ ಸವೆಯುವುದಿಲ್ಲ, ಆದರೆ ಬಹಳ ಸೂಕ್ಷ್ಮ ಕೆತ್ತನೆಗೆ ಒಗ್ಗುವುದೂ ಇಲ್ಲ. ನೆರಳುಬೆಳಕು ಚೆನ್ನಾಗಿ ಆಡಬೇಕಾದರೆ ಇಂತಹ ಕಲ್ಲಿನಲ್ಲಿ ಆಳವಾದ ಸಂದುಗಳನ್ನು ಬಿಡುವುದೇ ದಾರಿ. ಮೋಡ ಕವಿದ ದಿನಗಳೇ ಹೆಚ್ಚಿರುವ ಆ ಸೀಮೆಯಲ್ಲಿ, ದೂರದ ದಾರಿಯಿಂದ ನೋಡುವವರಿಗೆ ನಯವಾದ ಗೋಡೆ ಬರಿ ಹಲಗೆಯಂತೆ ಕಾಣುತ್ತಿತ್ತು.

ಡೋರಿಕ್ ಮತ್ತು ಒರಟುಗಲ್ಲನ್ನು ಬೆರೆಸುವ ಈ ಪದ್ಧತಿಯ ಬೇರು 16ನೆಯ ಶತಮಾನದ ಇಟಲಿಯಲ್ಲಿದೆ. ಅದರ ಪ್ರಸಿದ್ಧ ನಿದರ್ಶನವೆಂದರೆ ಮಾಂಟುವಾದಲ್ಲಿ ಜೂಲಿಯೊ ರೊಮಾನೊ 1525ರ ಸುಮಾರಿಗೆ ಕಟ್ಟಲಾರಂಭಿಸಿದ ತೆ ಅರಮನೆ. ಆ ಅರಮನೆ ಎದ್ದದ್ದು ಗೊನ್ಜಾಗಾ ಮನೆತನದ ಕುದುರೆ ಲಾಯವಿದ್ದ ಜಾಗದಲ್ಲಿ, ಅದರ ಒಂದು ಸಭಾಂಗಣದ ಗೋಡೆಯ ಮೇಲೆ ಈಗಲೂ ಆ ಮನೆತನದ ಕುದುರೆಗಳ ಆಳೆತ್ತರದ ಚಿತ್ರಗಳಿವೆ. ಕಾಕತಾಳೀಯವೇ ಇರಬಹುದು, ಆದರೆ ಈ ಚರ್ಚೆಯಲ್ಲಿ ಹೇಳದೆ ಬಿಡಲು ಮನಸ್ಸು ಬರಲಿಲ್ಲ.

ಅಶ್ವಪ್ರಿಯ

ಇಲ್ಲಿಯವರೆಗೆ ಬಂದ ಬರಹಗಳಲ್ಲಿ ಡ್ಯೂಕ್ ಇದ್ದಾರೆ, ಮಾವ ಇದ್ದಾರೆ, ಕಂಬ ಇದೆ, ಕಲ್ಲು ಇದೆ. ಕುದುರೆ ಮಾತ್ರ ಇಲ್ಲ. ಲಾಯದ ವಾಸ್ತುವನ್ನು ಹೆಬ್ಬಾಗಿಲಿನಿಂದ ಅಳೆಯುವುದು ನನಗೆ ಸರಿಕಾಣುವುದಿಲ್ಲ. ಗಾಳಿ ಎಲ್ಲಿಂದ ಬರುತ್ತದೆ, ಗಂಜಲ ಎಲ್ಲಿಗೆ ಹೋಗುತ್ತದೆ, ಮೇವು ಎಲ್ಲಿಂದ ಇಳಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಕಟ್ಟಡ ಏನು ಉತ್ತರ ಕೊಡುತ್ತದೆ ಎಂದು ನೋಡಬೇಕು.

18ನೆಯ ಶತಮಾನದ ಇಂಗ್ಲಿಷ್ ಲಾಯಗಳಲ್ಲಿ ಕುದುರೆಗಳನ್ನು ಸಾಮಾನ್ಯವಾಗಿ ಸಾಲಾಗಿ, ಗೋಡೆಗೆ ಮುಖ ಮಾಡಿ ಕಟ್ಟುತ್ತಿದ್ದರು. ಎರಡು ಕುದುರೆಗಳ ನಡುವೆ ಮರದ ಅಡ್ಡಗೋಡೆ, ಮುಂದೆ ಗೋದಲಿ, ಅದರ ಮೇಲೆ ಒಣಹುಲ್ಲಿನ ಜಾಲರಿ. ನೆಲ ಹಿಂದಕ್ಕೆ ಸ್ವಲ್ಪ ಇಳಿಜಾರಾಗಿದ್ದು, ಕುದುರೆಗಳ ಬೆನ್ನ ಹಿಂದೆ ಚರಂಡಿ ಹರಿಯುತ್ತಿತ್ತು. ಬೆಳಕು ನೇರವಾಗಿ ಕಣ್ಣಿಗೆ ಹೊಡೆಯದಿರಲೆಂದು ಕಿಟಕಿಗಳನ್ನು ಎತ್ತರದಲ್ಲಿ ಇಡುತ್ತಿದ್ದರು. ಚಾಟ್ಸ್‌ವರ್ತ್‌ನಲ್ಲಿ ಧಾನ್ಯದ ಉಗ್ರಾಣಗಳು ಮೇಲಂತಸ್ತಿನಲ್ಲಿದ್ದವು. ಮೇಲಿನಿಂದ ಕೆಳಕ್ಕೆ ಮೇವು ಇಳಿಸುವುದು ಸುಲಭ, ಮೇಲಿನ ದಾಸ್ತಾನು ಚಳಿಗಾಲದಲ್ಲಿ ಕೆಳಗಿನ ಕೋಣೆಯನ್ನು ಬೆಚ್ಚಗೂ ಇಡುತ್ತದೆ. ಆದರೆ ತಲೆಯ ಮೇಲೆ ಮುಚ್ಚಿದ ಅಟ್ಟವಿದ್ದರೆ ಗಂಜಲದಿಂದ ಏಳುವ ಅಮೋನಿಯಾಕ್ಕೆ ಹೊರಹೋಗಲು ದಾರಿ ಕಡಿಮೆ.

ಆ ಕಾಲದ ಕಾಸ್ತಾರರಿಗೆ ಇದು ದೋಷವಾಗಿ ಕಾಣಲಿಲ್ಲ. ಲಾಯ ಬೆಚ್ಚಗಿದ್ದಷ್ಟೂ ಕುದುರೆಯ ಮೈಗೂದಲು ನುಣುಪಾಗಿ ಹೊಳೆಯುತ್ತದೆ ಎಂಬುದು ಅವರ ನಂಬಿಕೆ. 1791ರಲ್ಲಿ ಲಂಡನ್ನಿನಲ್ಲಿ ಪಶುವೈದ್ಯ ಕಾಲೇಜು ಆರಂಭವಾಗಿ, ಅದರ ಎರಡನೆಯ ಮುಖ್ಯಸ್ಥ ಎಡ್ವರ್ಡ್ ಕೋಲ್ಮನ್ ಸೈನ್ಯದ ಲಾಯಗಳಿಗೆ ಗಾಳಿಕಂಡಿ ಬೇಕೇಬೇಕು ಎಂದು ಪಟ್ಟುಹಿಡಿದ ಮೇಲೆ ಈ ನಂಬಿಕೆ ಅಲುಗಾಡಿತು. ಪೇನ್ ಅವರ ಕಟ್ಟಡ ಅದಕ್ಕಿಂತ ಒಂದು ತಲೆಮಾರು ಹಿಂದಿನದು. ಹೀಗಾಗಿ ಹೊರಗೆ ಎಷ್ಟು ಗಾಂಭೀರ್ಯವಿದ್ದರೂ, ಒಳಗೆ ಇದು ತನ್ನ ಕಾಲದ ಸಾಮಾನ್ಯ ತಿಳಿವಳಿಕೆಯ ಲಾಯವೇ ಎಂದು ನಾನು ಭಾವಿಸುತ್ತೇನೆ.

ಕಮಾನು

ಅಶ್ವಪ್ರಿಯ ಅವರ ಆಕ್ಷೇಪ ನ್ಯಾಯವಾದದ್ದು. ಆದರೂ ಚೌಕದ ವಿನ್ಯಾಸಕ್ಕೆ ಸ್ವಲ್ಪ ಮನ್ನಣೆ ಕೊಡಬೇಕು. ನಾಲ್ಕು ಕಡೆಯ ಸಾಲುಗಳೂ ಒಂದು ಕೋಣೆಯಷ್ಟೇ ಆಳವಿರುವುದರಿಂದ, ಒಂದು ಬದಿಯಲ್ಲಿ ಹೊರಗೋಡೆ, ಇನ್ನೊಂದು ಬದಿಯಲ್ಲಿ ಅಂಗಳ ಇದ್ದು, ಎರಡೂ ಕಡೆಯಿಂದ ಗಾಳಿಬೆಳಕು ಸಿಗುವ ಅವಕಾಶವಿದೆ. ಅಂಗಳದಲ್ಲಿ ಸಾರೋಟನ್ನು ತಿರುಗಿಸಬಹುದು, ಕುದುರೆಗಳನ್ನು ತೊಳೆಯಬಹುದು, ಹೆಬ್ಬಾಗಿಲು ಒಂದೇ ಆದ್ದರಿಂದ ಕಾವಲೂ ಸುಲಭ.

ಹಳೆಯ ನಕ್ಷೆ

ಚೌಕವೊಂದೇ ದಾರಿಯಾಗಿರಲಿಲ್ಲ ಎಂಬುದನ್ನೂ ನೋಡಬೇಕು. ನಾರ್ಥಂಬರ್ಲೆಂಡ್‌ನ ಸೀಟನ್ ಡೆಲವಲ್ ಎಸ್ಟೇಟಿನಲ್ಲಿ ಜಾನ್ ವ್ಯಾನ್‌ಬ್ರೂ 1718ರಿಂದ ಆರಂಭಿಸಿ ಕಟ್ಟಿದ ಮಹಲಿನಲ್ಲಿ ಲಾಯ ಬೇರೆ ಕಟ್ಟಡವಲ್ಲ, ಮಹಲಿನದೇ ಪೂರ್ವದ ರೆಕ್ಕೆ. ಪಶ್ಚಿಮದ ರೆಕ್ಕೆಯಲ್ಲಿ ಅಡುಗೆಮನೆ. ಅಲ್ಲಿನ ಲಾಯದ ಒಳಭಾಗ ಹೊರಭಾಗದಷ್ಟೇ ಗಂಭೀರವಾಗಿದೆ: ಕಲ್ಲಿನ ಕಮಾನುಗಳು, ಗೂಡುಗಳಲ್ಲಿ ಇರಿಸಿದ ಕಲ್ಲಿನ ಗೋದಲಿಗಳು, ಪ್ರತಿ ಅಂಕಣದ ಮೇಲೆ ಕುದುರೆಯ ಹೆಸರು. 1822ರ ಬೆಂಕಿಯಲ್ಲಿ ಮಹಲಿನ ನಡುಭಾಗ ಸುಟ್ಟುಹೋಯಿತು, ಲಾಯ ಉಳಿಯಿತು.

ಒಳಗಿನ ಸೊಬಗೇ ಅಳತೆಗೋಲಾದರೆ ಚಾಟ್ಸ್‌ವರ್ತ್ ಸೀಟನ್ ಡೆಲವಲ್‌ಗೆ ಸೋಲುತ್ತದೆ. ಅಷ್ಟರ ಮಟ್ಟಿಗೆ ನಾನು ಅಶ್ವಪ್ರಿಯ ಅವರ ಪರ.

ಗಾರೆ ಮೇಸ್ತ್ರಿ

ಒಳಗಿನ ಸೊಬಗಿನ ಮಾತು ಬಂದ ಮೇಲೆ ಫ್ರಾನ್ಸಿನ ಶಾಂಟಿಯಿಯನ್ನು ಬಿಡುವಂತಿಲ್ಲ. ಕೊಂಡೆ ರಾಜಕುಮಾರರ ಎಸ್ಟೇಟಿನಲ್ಲಿ ಜಾನ್ ಓಬೇರ್ ಎಂಬ ವಾಸ್ತುಶಿಲ್ಪಿ 1719ರಲ್ಲಿ ಆರಂಭಿಸಿದ ಮಹಾಲಾಯದ ಉದ್ದ 186 ಮೀಟರ್, ಅದರಲ್ಲಿ 240 ಕುದುರೆಗಳಿಗೆ ಸ್ಥಳವಿತ್ತು. ಉದ್ದನೆಯ ಎರಡು ಭಾಗಗಳು ಕಲ್ಲಿನ ಕಮಾನುಚಾವಣಿಯಡಿ ಚಾಚಿಕೊಂಡಿವೆ, ಅವು ಕೂಡುವಲ್ಲಿ 28 ಮೀಟರ್ ಎತ್ತರದ ಗುಮ್ಮಟವಿದೆ. ಕುದುರೆಗಳ ನೆತ್ತಿಯ ಮೇಲೆ ಅಷ್ಟು ಖಾಲಿ ಜಾಗ ಬಿಟ್ಟರೆ ಕೆಟ್ಟ ಗಾಳಿ ತಾನಾಗಿ ಮೇಲೇರುತ್ತದೆ, ಅಟ್ಟದ ಹುಲ್ಲಿಗೆ ಕಿಡಿ ತಾಗುವ ಭಯವೂ ಇಲ್ಲ. ಅದನ್ನು ಕಟ್ಟಿಸಿದ ಲೂಯಿ ಹಾನ್ರಿ ಮುಂದಿನ ಜನ್ಮದಲ್ಲಿ ತಾನು ಕುದುರೆಯಾಗಿ ಹುಟ್ಟುತ್ತೇನೆಂದು ನಂಬಿ ತನ್ನ ಅಂತಸ್ತಿಗೆ ತಕ್ಕ ಲಾಯ ಕಟ್ಟಿಸಿದರು ಎಂಬ ದಂತಕಥೆಯನ್ನು ಪ್ರವಾಸಿಗಳಿಗೆ ಹೇಳುತ್ತಾರೆ. ಅದನ್ನು ದಂತಕಥೆಯಾಗಿಯೇ ಕೇಳಬೇಕು. ಜಾನ್ ಲಾ ಎಂಬ ಹಣಕಾಸುಗಾರನ ಯೋಜನೆಯಲ್ಲಿ ಅವರು ಗಳಿಸಿದ ಅಪಾರ ಹಣ ಈ ಕಲ್ಲುಗಳ ಹಿಂದಿದೆ ಎಂಬುದು ಮಾತ್ರ ನಿಜ.

ಶಾಂಟಿಯಿಯೊಂದಿಗೆ ಹೋಲಿಸಿದರೆ ಪೇನ್ ಅವರ ಲಾಯ ಸಂಯಮದ್ದು. ಅಲ್ಲಿ ಒಂದು ಅರಮನೆಯನ್ನೇ ಕುದುರೆಗೆ ಕೊಟ್ಟಿದ್ದಾರೆ. ಇಲ್ಲಿ ಎಲ್ಲ ಅಲಂಕಾರವನ್ನೂ ಹೆಬ್ಬಾಗಿಲಿನಲ್ಲಿ ಕೂಡಿಹಾಕಿ ಉಳಿದ ಗೋಡೆಗಳನ್ನು ಶಾಂತವಾಗಿ ಬಿಟ್ಟಿದ್ದಾರೆ. ನನ್ನ ಕಣ್ಣಿಗೆ ಎರಡನೆಯದೇ ಹೆಚ್ಚು ಹಿತ.

ಪಡಸಾಲೆ

ಒಂದು ಸಣ್ಣ ಪ್ರಶ್ನೆ. ಎಂಬತ್ತು ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಜನ ಎಲ್ಲಿ ಇರುತ್ತಿದ್ದರು?

ಡರ್ವೆಂಟ್ ದಂಡೆ

ಪಡಸಾಲೆಯವರೇ, ಅದೇ ಕಟ್ಟಡದ ಮೇಲಂತಸ್ತಿನಲ್ಲಿ, ಧಾನ್ಯದ ಉಗ್ರಾಣಗಳ ಪಕ್ಕದಲ್ಲಿ. ಅಲ್ಲಿನ ಒಂದು ಕೋಣೆಯ ಬಾಗಿಲ ಮೇಲೆ ‘ಮೂರನೆಯ ಪೋಸ್ಟಿಲಿಯನ್’ ಎಂದು ಬಣ್ಣದಲ್ಲಿ ಬರೆದದ್ದು ಬಹುಕಾಲ ಉಳಿದಿತ್ತು ಎಂದು ಆ ಮನೆತನದ ಹಿರಿಯ ಡಚೆಸ್ ದಾಖಲಿಸಿದ್ದಾರೆ. ಸಾರೋಟನ್ನು ಗಾಡಿಯ ಮೇಲೆ ಕುಳಿತು ಓಡಿಸದೆ, ಜೋಡಿಯ ಎಡಗುದುರೆಯ ಬೆನ್ನೇರಿ ನಡೆಸುವವನು ಪೋಸ್ಟಿಲಿಯನ್. ಅಂಥವರಲ್ಲಿ ಮೂರನೆಯವನಿಗೂ ಬಾಗಿಲ ಮೇಲೆ ಹುದ್ದೆ ಬರೆದ ಕೋಣೆ ಇತ್ತೆಂದರೆ, ಆ ಚೌಕದೊಳಗೆ ಆಳುಕಾಳುಗಳ ಶ್ರೇಣಿ ಎಷ್ಟು ಕಟ್ಟುನಿಟ್ಟಾಗಿತ್ತೆಂದು ಊಹಿಸಬಹುದು. ಲಾಳ ಹೊಡೆಯುವ ಕಮ್ಮಾರನ ಕುಲುಮೆಯೂ ಅಲ್ಲೇ ಇತ್ತು.

ಅಶ್ವಪ್ರಿಯ ಅವರಿಗೆ ಒಂದು ಮಾತು. ಗಡಿಯಾರದ ಗೋಪುರವನ್ನು ನಾವೆಲ್ಲ ಅಲಂಕಾರವೆಂದು ಎಣಿಸಿದ್ದೇವೆ. ಮೇವಿಗೆ ಹೊತ್ತು, ನೀರಿಗೆ ಹೊತ್ತು, ಮೈ ಉಜ್ಜಲು ಹೊತ್ತು, ಸಾರೋಟು ಮಹಲಿನ ಬಾಗಿಲಿಗೆ ಬಂದು ನಿಲ್ಲಲು ಹೊತ್ತು ಎಂದು ಇಡೀ ದಿನ ಗಂಟೆಯ ಲೆಕ್ಕದಲ್ಲಿ ನಡೆಯುವ ಜಾಗಕ್ಕೆ ಗಡಿಯಾರ ಅಲಂಕಾರವಲ್ಲ. ಇಂಗ್ಲೆಂಡಿನ ಎಸ್ಟೇಟುಗಳಲ್ಲಿ ಗಡಿಯಾರ ಲಾಯದ ಮೇಲೆ ಇರುವುದು ಅಷ್ಟು ಸಾಮಾನ್ಯವಾಗಿರುವುದಕ್ಕೆ ಕಾರಣ ಇದೇ.

ಅಶ್ವಪ್ರಿಯ

ಗಡಿಯಾರದ ವಿಷಯವನ್ನು ಒಪ್ಪಿದೆ. ಆದರೆ ಈಗಿನ ಸ್ಥಿತಿಯನ್ನು ಒಪ್ಪಲಾರೆ. ಕೊನೆಯ ಕುದುರೆಗಳು 1939ರಲ್ಲಿ ಹೊರಟವು. ಆಮೇಲೆ ಕಟ್ಟಡ ಉಗ್ರಾಣವಾಯಿತು, ಮೋಟಾರು ನಿಲ್ಲಿಸುವ ಜಾಗವಾಯಿತು, ಮೇಲಿನ ಕೋಣೆಗಳು ನೌಕರರ ಮತ್ತು ಪಿಂಚಣಿದಾರರ ಮನೆಗಳಾದವು. 1979ರಲ್ಲಿ ಕುದುರೆ ಕಟ್ಟುವ ಅಂಕಣಗಳಲ್ಲೇ ತೊಂಬತ್ತು ಜನ ಕೂರುವ ಕೆಫೆ ತೆರೆದರು. ಕೆಫೆಯ ಕುರ್ಚಿ ಇಟ್ಟ ಅಂಕಣವನ್ನು ನೋಡಿ ಲಾಯದ ವಾಸ್ತುವನ್ನು ಹೇಗೆ ಅರಿಯುವುದು? ಒಂದನೆಯ ದರ್ಜೆಯ ಸಂರಕ್ಷಿತ ಕಟ್ಟಡಕ್ಕೆ ಇದು ತಕ್ಕ ಬಳಕೆಯೇ?

ಹಳೆಯ ನಕ್ಷೆ

ಬಳಕೆ ಬದಲಾದದ್ದರಿಂದಲೇ ಕಟ್ಟಡ ಉಳಿದಿದೆ ಎಂಬುದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ, ಅದೇ ಮನೆತನದ ಇನ್ನೊಂದು ಲಾಯವನ್ನು ನೋಡಿದರೆ ಸಾಕು. ಅದೇ ಡರ್ಬಿಶೈರ್‌ನ ಬಕ್ಸ್‌ಟನ್ ಪಟ್ಟಣದಲ್ಲಿ ಐದನೆಯ ಡ್ಯೂಕ್, ಬಿಸಿನೀರ ಬುಗ್ಗೆಗೆ ಬರುವ ಅತಿಥಿಗಳ ಕುದುರೆಗಳಿಗಾಗಿ, ಯಾರ್ಕ್‌ನ ಜಾನ್ ಕಾರ್ ಅವರಿಂದ 1780ರ ದಶಕದಲ್ಲಿ ಮಹಾಲಾಯವೊಂದನ್ನು ಕಟ್ಟಿಸಿದರು. ಹೊರಗೆ ಎಂಟು ಮೂಲೆ, ಒಳಗೆ ಕಂಬಸಾಲಿನಿಂದ ಸುತ್ತುವರಿದ ದುಂಡಗಿನ ಅಂಗಳ. ಮಳೆ ಬಂದರೂ ಕಂಬಸಾಲಿನ ಕೆಳಗೆ ಕುದುರೆಗಳನ್ನು ಸುತ್ತು ಹೊಡೆಸಬಹುದಿತ್ತು. 1859ರಿಂದ ಅದರ ಒಂದು ಭಾಗ ಬಡವರ ಆಸ್ಪತ್ರೆಯಾಯಿತು. 1881ರ ಹೊತ್ತಿಗೆ ವಾಸ್ತುಶಿಲ್ಪಿ ರಾಬರ್ಟ್ ರಿಪ್ಪನ್ ಡ್ಯೂಕ್ (ಡ್ಯೂಕ್ ಎಂಬುದು ಇವರ ಹೆಸರು, ಪದವಿಯಲ್ಲ) ಆ ತೆರೆದ ಅಂಗಳದ ಮೇಲೆ 44 ಮೀಟರ್ ವ್ಯಾಸದ ಗುಮ್ಮಟವನ್ನು ನಿಲ್ಲಿಸಿದರು. ರೋಮ್‌ನ ಪ್ಯಾಂಥಿಯಾನ್ ಗುಮ್ಮಟಕ್ಕಿಂತ ಇದು ಅಗಲ. ಕೆಲಸ ನಡೆಯುತ್ತಿದ್ದಾಗ, 1879ರ ಡಿಸೆಂಬರ್‌ನಲ್ಲಿ, ಸ್ಕಾಟ್ಲೆಂಡಿನ ಟೇ ರೈಲುಸೇತುವೆ ಬಿರುಗಾಳಿಗೆ ಕುಸಿಯಿತು. ಆ ಸುದ್ದಿಯ ನಂತರ ಗುಮ್ಮಟದ ಲೋಹದ ಬಾಗುತೊಲೆಗಳ ಸಂಖ್ಯೆಯನ್ನು 22ಕ್ಕೆ ಹೆಚ್ಚಿಸಿದರು. ಈಗ ಅದು ಡರ್ಬಿ ವಿಶ್ವವಿದ್ಯಾಲಯದ ಕೈಯಲ್ಲಿದೆ.

ಲಾಯ, ಆಸ್ಪತ್ರೆ, ವಿಶ್ವವಿದ್ಯಾಲಯ, ಈ ಮೂರಕ್ಕೂ ಆ ಕಟ್ಟಡ ಒಗ್ಗಿಕೊಂಡಿತು, ಏಕೆಂದರೆ ನಡುವೆ ಅಂಗಳ, ಸುತ್ತ ಒಂದೇ ಅಳತೆಯ ಅಂಕಣಗಳು ಎಂಬ ವಿನ್ಯಾಸ ಯಾವುದೇ ಕೆಲಸವನ್ನೂ ಹಂಚಿಕೊಡಲು ಅನುಕೂಲ. ಚಾಟ್ಸ್‌ವರ್ತ್‌ನ ಚೌಕಕ್ಕೂ ಈ ಗುಣವೇ ಇದೆ.

ಗಾರೆ ಮೇಸ್ತ್ರಿ

ಹಳೆಯ ನಕ್ಷೆಯವರ ಮಾತಿಗೆ ಒಂದು ತಿದ್ದುಪಡಿ ಬೇಕು. ಬಕ್ಸ್‌ಟನ್‌ನಲ್ಲಿ ಅಂಗಳದ ಮೇಲೆ ಗುಮ್ಮಟ ಬಂದೊಡನೆ ಅದು ಅಂಗಳವಾಗಿ ಉಳಿಯಲಿಲ್ಲ, ಆಕಾಶ ಹೋಯಿತು. ಗುಮ್ಮಟ ಅದ್ಭುತವೇ, ಆದರೆ ಅದು ಬೇರೆ ಕಟ್ಟಡ. ಚಾಟ್ಸ್‌ವರ್ತ್‌ನಲ್ಲಿ ಅಂಗಳಕ್ಕೆ ಆಕಾಶ ಇನ್ನೂ ಇದೆ. ಊಟಕ್ಕೆ ಹೆಚ್ಚು ಜಾಗ ಬೇಕಾದಾಗ ಮೊದಲು ಉದ್ಯಾನದಲ್ಲಿ ಹಳೆಯ ಮಂಜುಗಡ್ಡೆ ಮನೆಯನ್ನು ಒಳಗೊಂಡ ಹೊಸ ಕಟ್ಟಡ ಕಟ್ಟಲು ಯತ್ನಿಸಿದರು, ಅದಕ್ಕೆ ಪರವಾನಗಿ ದೊರೆಯಲಿಲ್ಲ. ಆಮೇಲೆ 250 ಜನರ ಭೋಜನಾಲಯವನ್ನು ಮಾಡಿದ್ದು ಲಾಯದ ಹಿಂದಿನ ಸಾರೋಟುಮನೆಯಲ್ಲಿ, ಅಂದರೆ ಪೇನ್ ಅವರ ಚೌಕದ ಹೊರಗೆ, ಆರನೆಯ ಡ್ಯೂಕ್ 1830ರ ದಶಕದಲ್ಲಿ ಸೇರಿಸಿದ ಕಟ್ಟಡದಲ್ಲಿ. ಪರವಾನಗಿ ನಿರಾಕರಿಸಿದವರು ಆ ಲಾಯಕ್ಕೆ ಉಪಕಾರವನ್ನೇ ಮಾಡಿದರು ಎನ್ನಬೇಕು. ಸಾರೋಟುಮನೆಯೆಂದರೆ ಮೊದಲಿನಿಂದಲೂ ಅಡ್ಡಗೋಡೆಗಳಿಲ್ಲದ ಅಗಲವಾದ ಒಂದೇ ಅಂಗಣ, ಮೇಜುಗಳಿಗೆ ಅದು ಅಂಕಣಗಳಿಗಿಂತ ಸಹಜ.

ಕಮಾನು

ಅಶ್ವಪ್ರಿಯ ಅವರ ನೋವಿಗೆ ಕಾರಣವಿದೆ. ಅಂಕಣಗಳ ಮರಗೆಲಸ, ಗೋದಲಿ, ಚರಂಡಿ ಇವೆಲ್ಲ ಹೊರಗೋಡೆಗಿಂತ ಬೇಗ ಅಳಿಯುವ ವಸ್ತುಗಳು, ಅಳಿದರೆ ಮತ್ತೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಕುದುರೆಗಾಗಿ ಕಟ್ಟಿದ ಒಳಾಂಗಣವನ್ನೇ ನೋಡಬೇಕೆನ್ನುವವರು ಸೀಟನ್ ಡೆಲವಲ್‌ಗೆ ಹೋಗಲಿ. ಇಲ್ಲವೇ ಚಾಟ್ಸ್‌ವರ್ತ್‌ನಿಂದ ಬಹಳ ದೂರವಿಲ್ಲದ ಬೋಲ್ಸೋವರ್ ಕೋಟೆಗೆ ಹೋಗಲಿ. ಅಲ್ಲಿ ಕ್ಯಾವೆಂಡಿಶ್ ಮನೆತನದ ಇನ್ನೊಂದು ಶಾಖೆಯ ವಿಲಿಯಂ ಕ್ಯಾವೆಂಡಿಶ್, ಮುಂದೆ ನ್ಯೂಕಾಸಲ್ ಡ್ಯೂಕ್ ಆದವರು, 17ನೆಯ ಶತಮಾನದಲ್ಲಿ ಕುದುರೆಗಳಿಗೆ ನಡಿಗೆ ಕಲಿಸಲೆಂದೇ ಕಟ್ಟಿಸಿದ ಉದ್ದನೆಯ ಸವಾರಿ ಮನೆ ಇದೆ, ಅದರ ಮರದ ಚಾವಣಿಯ ತೊಲೆಗಳನ್ನು ಈಗಲೂ ನೋಡಬಹುದು. ನೋಡುವವರಿಗೆ ಮೇಲಿನಿಂದ ಕಿಟಕಿಗಳಿವೆ, ಕುದುರೆಗೆ ಕೆಳಗೆ ಮೆತ್ತನೆಯ ನೆಲವಿದೆ. ಲಾಯ, ಕುಲುಮೆ, ಸವಾರಿ ಮನೆ ಮೂರೂ ಒಂದೇ ಸಾಲಿನಲ್ಲಿವೆ. ಕುದುರೆಗೆಂದು ಯೋಚಿಸಿ ಕಟ್ಟಿದ್ದು ಅದು. ಪೇನ್ ಅವರ ಲಾಯವನ್ನು ಕುದುರೆಯ ಜೊತೆಗೆ ದಾರಿಯನ್ನೂ ಗುಡ್ಡವನ್ನೂ ಯೋಚಿಸಿ ಕಟ್ಟಲಾಗಿದೆ.

ಅಶ್ವಪ್ರಿಯ

ಈ ಕೊನೆಯ ವಾಕ್ಯವನ್ನು ನಾನು ಒಪ್ಪುತ್ತೇನೆ, ಆದರೆ ‘ಜೊತೆಗೆ’ ಎಂಬುದರ ಬದಲು ‘ಮೊದಲು’ ಎಂದು ಬರೆಯುತ್ತೇನೆ. ದಾರಿ ಮೊದಲು, ಗುಡ್ಡ ಆಮೇಲೆ, ಕುದುರೆ ಕೊನೆಗೆ.

ಡರ್ವೆಂಟ್ ದಂಡೆ

ಎಲ್ಲರ ಬರಹಗಳನ್ನೂ ಓದಿದ ಮೇಲೆ ಉಳಿದಿರುವ ಒಂದು ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಮುಚ್ಚಲಾಗದ್ದನ್ನು ತೋರಿಸಿದರು ಎಂದು ಹಳೆಯ ನಕ್ಷೆಯವರು, ತೋರಿಸಲೆಂದೇ ಕಟ್ಟಿಸಿದರು ಎಂದು ಕಮಾನು ಅವರು ಹೇಳುತ್ತಾರೆ. ಕಟ್ಟಡದ ಎತ್ತರವನ್ನು ನೋಡಿದರೆ ನನಗೆ ಕಾಣುವುದು ಇನ್ನೊಂದು. ಮಹಲಿನ ಮುಖ್ಯ ಮುಖಗಳು ಮೊದಲನೆಯ ಡ್ಯೂಕರ ಕಾಲದ ಬರೋಕ್ ಶೈಲಿಯವು, ಎತ್ತರವಾದ ಅರೆಗಂಬಗಳು, ಸೂರಿನ ಮೇಲೆ ಕಲ್ಲಿನ ಹೂದಾನಿಗಳು, ಕಿಟಕಿಗಳ ದೊಡ್ಡ ಸಾಲು. ಲಾಯ ಅದಕ್ಕಿಂತ ಎತ್ತರದ ನೆಲದಲ್ಲಿದ್ದರೂ ಎರಡೇ ಅಂತಸ್ತಿನದು, ಮೂಲೆಯ ಗೋಪುರಗಳನ್ನು ತಗ್ಗಾಗಿಯೇ ಇಟ್ಟಿದ್ದಾರೆ, ಎತ್ತರಕ್ಕೆ ಏರುವುದು ಹೆಬ್ಬಾಗಿಲಿನ ಮೇಲಿನ ಗೋಪುರ ಮಾತ್ರ. ಕಣ್ಣಿಗೆ ಬೀಳಲಿ, ಆದರೆ ಮಹಲಿನೊಂದಿಗೆ ಸ್ಪರ್ಧಿಸದಿರಲಿ ಎಂಬ ಎಚ್ಚರಿಕೆ ಆ ಅಡ್ಡಗೆರೆಯಂತಹ ಮಾಳಿಗೆಯ ರೇಖೆಯಲ್ಲಿ ಇದೆ. ನಾಲ್ಕನೆಯ ಡ್ಯೂಕ್ 1764ರಲ್ಲೇ ತೀರಿಕೊಂಡರು, ಮುಗಿದ ಲಾಯವನ್ನು ಅವರು ಕಾಣಲಿಲ್ಲ. ಅದನ್ನು ಬಳಸಿದವರು ಚಿಕ್ಕ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಅವರ ಮಗ, ಬಕ್ಸ್‌ಟನ್‌ನಲ್ಲಿ ದುಂಡಗಿನ ಅಂಗಳ ಕಟ್ಟಿಸಿದ ಆ ಐದನೆಯ ಡ್ಯೂಕ್. ತಂದೆಯ ಚೌಕದಲ್ಲಿ ಅವರಿಗೆ ಏನು ಕೊರತೆ ಕಂಡಿತು, ಅಥವಾ ಜಾನ್ ಕಾರ್ ಅವರ ಕಣ್ಣಿಗೆ ಏನು ಕಂಡಿತು ಎಂಬುದರ ಬಗ್ಗೆ ಬಕ್ಸ್‌ಟನ್‌ನ ಹಳೆಯ ನಕ್ಷೆಗಳನ್ನು ನೋಡಿದವರು ಯಾರಾದರೂ ಬರೆದರೆ ಚರ್ಚೆಯನ್ನು ಅಲ್ಲಿಂದ ಮುಂದುವರಿಸಬಹುದು.